ಹೊಕ್ಕುಳಬಳ್ಳಿಯಿಂದ ಕೆಎಲ್‌ಎಫ್2 ಜೀನ್ ತನಕ: ಧಾರವಾಡದ ಲ್ಯಾಬ್‌ನಲ್ಲಿ ಜೀವಕೋಶದ ಆಕಾರದ ಬೆನ್ನು ಹತ್ತಿದ್ದು

ಕೊಬ್ಬು ರಕ್ತನಾಳದ ಉದ್ದಕ್ಕೂ ಸಮನಾಗಿ ಕೂರುವುದಿಲ್ಲ. ಕುತ್ತಿಗೆಯಲ್ಲಿ ಕೆರೊಟಿಡ್ ನಾಳ ಎರಡಾಗಿ ಒಡೆಯುವ ಜಾಗ, ಹೃದಯದಿಂದ ಹೊರಟ ಮಹಾಧಮನಿ ಬಾಗುವ ಕಡೆ ಅದರ ಒಳಮಗ್ಗುಲು, ಹೃದಯದ ನಾಳಗಳು ಕವಲೊಡೆಯುವ ಜಾಗ. ಇಲ್ಲೇ ಮೊದಲು ಕೂರುತ್ತದೆ. ನೇರವಾಗಿ ಸಾಗುವ ಭಾಗ ಎಷ್ಟೋ ವರ್ಷ ಚೊಕ್ಕಟವಾಗಿಯೇ ಉಳಿಯುತ್ತದೆ. ಹರಿಯುವ ರಕ್ತ ಒಂದೇ. ಅದರಲ್ಲಿರುವ ಸಕ್ಕರೆ, ಕೊಲೆಸ್ಟರಾಲ್ ಒಂದೇ. ಒಳಪದರದ ಜೀವಕೋಶಗಳ ಡಿಎನ್‌ಎ ಕೂಡ ಒಂದೇ. ಹಾಗಾದರೆ ಎರಡು ಬೆರಳಿನ ಅಂತರದಲ್ಲಿ ಇಷ್ಟು ವ್ಯತ್ಯಾಸ ಯಾಕೆ?

ಪಿಎಚ್‌ಡಿಗೆ ಧಾರವಾಡಕ್ಕೆ ಬಂದಾಗ ನನ್ನ ಗೈಡ್ ಮೇಡಂ ಬೋರ್ಡಿನ ಮೇಲೆ ಕೆರೊಟಿಡ್ ಬರೆದು ಕೇಳಿದ್ದು ಇದೇ ಪ್ರಶ್ನೆ. ನಾನು ಹರಿವಿನ ಬಗ್ಗೆ ಏನೋ ಹೇಳಿದೆ. "ಹೌದು, ಹರಿವು ಬೇರೆ. ಆದ್ರ ಹರಿವು ಬೇರೆ ಆದ್ರ ಜೀನಿಗೆ ಹೆಂಗ ಗೊತ್ತಾಗತೈತಿ? ಅದು ಕೋಶಕೇಂದ್ರದೊಳಗ ಕೂತೈತಿ, ಹರಿವು ಹೊರಗ ಐತಿ," ಅಂದರು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ. ಹೊರಗಿನ ತಳ್ಳಾಟ ಒಳಗಿನ ಜೀನಿನ ತನಕ ಹೋಗುವ ದಾರಿಯಲ್ಲಿ ಜೀವಕೋಶದ ಆಕಾರ ಮತ್ತು ಅದರ ಒಳಗಿನ ಎಳೆಗಳ ಅಸ್ಥಿಪಂಜರದ ಪಾಲು ಎಷ್ಟು ಅಂತ ನೋಡುವುದು.

ಮೊದಲು ಜೀವಕೋಶ ಬೇಕಲ್ಲ. ರಕ್ತನಾಳದ ಒಳಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಇರುತ್ತದೆ. ಅದೇ ಎಂಡೋಥೀಲಿಯಂ. ಬದುಕಿರುವ ಮನುಷ್ಯನ ಧಮನಿಯಿಂದ ಅದನ್ನು ಕೇಳಿ ತರಲು ಆಗುವುದಿಲ್ಲ. ಆದರೆ ಹೊಕ್ಕುಳಬಳ್ಳಿ ಇದೆ. ಅದರಲ್ಲಿ ಎರಡು ಧಮನಿ, ಒಂದು ಅಭಿಧಮನಿ. ಆ ಅಭಿಧಮನಿಯ ಒಳಪದರವನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಎರಿಕ್ ಜಾಫಿ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಇವತ್ತಿಗೂ ಜಗತ್ತಿನ ಎಷ್ಟೋ ಲ್ಯಾಬ್‌ಗಳು ಅದನ್ನೇ ಮಾಡುತ್ತವೆ. ನಾವೂ ಅದನ್ನೇ ಮಾಡಿದ್ದು.

ಎಥಿಕ್ಸ್ ಕಮಿಟಿಯ ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯಿತು. ಅದು ಬಂದ ಮೇಲೆ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿಗೆ ನನ್ನ ಓಡಾಟ ಶುರು. ಹೆರಿಗೆಗೆ ಮೊದಲೇ ತಾಯಂದಿರ ಹತ್ತಿರ ಕೂತು ಮಾತಾಡಬೇಕು, ಬಿಡಿಸಿ ಹೇಳಬೇಕು, ಸಹಿ ತಗೊಳ್ಳಬೇಕು. ನೋವು ಶುರುವಾದ ಮೇಲೆ ಕೇಳುವುದು ತಪ್ಪು. ಒಬ್ಬ ತಾಯಿ ಕುಂದಗೋಳ ಕಡೆಯವರು. ಅವರು ಹೂಂ ಅಂದರು, ಪಕ್ಕದಲ್ಲಿದ್ದ ಅತ್ತೆಗೆ ಸಮಾಧಾನ ಇರಲಿಲ್ಲ.

"ಅದನ್ನ ಹುಗೀಬೇಕಲ್ಲ ಯವ್ವಾ? ನಮ್ಮ ಮನ್ಯಾಗ ಹಂಗ ನಡ್ಕೊಂಡ್ ಬಂದೈತಿ. ನೀ ಒಯ್ದು ಏನ್ ಮಾಡ್ತಿ?"

"ಮಾಸು ನಿಮಗ ಕೊಡ್ತಾರ್ರಿ ಅಮ್ಮಾರ. ನಮಗ ಬಳ್ಳಿ ಒಂದು ಗೇಣು ಸಿಕ್ರ ಸಾಕು. ಅದರಾಗಿನ ರಕ್ತನಾಳದ ಒಳಗಿನ ಪದರ ತಗೊಂಡು, ಹಾರ್ಟಿನ ಬ್ಯಾನಿ ಯಾಕ ಬರ್ತೈತಿ ಅಂತ ನೋಡ್ತೀವ್ರಿ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಮನಿಯವರು ಹಾರ್ಟಿನ್ಯಾಗ ಹೋದ್ರು. ಒಯ್ಯವ್ವ. ಕೂಸಿಗೇನೂ ಆಗೂದಿಲ್ಲ ಹೌದಲ್ಲ?"

"ಏನೂ ಆಗೂದಿಲ್ರಿ. ಕೂಸು ಹುಟ್ಟಿ, ಬಳ್ಳಿ ಕತ್ತರಿಸಿದ ಮ್ಯಾಲೇ ನಾವು ತಗೊಳ್ಳೂದು."

ಇಂಥ ಮಾತುಕತೆಗೆ ನಮ್ಮ ಪ್ರೋಟೊಕಾಲ್ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ನನಗೆ ಮಾತ್ರ ಇಡೀ ಕೆಲಸದ ಮೊದಲ ಹೆಜ್ಜೆ ಇದೇ ಅನ್ನಿಸುತ್ತದೆ.

ಹೆರಿಗೆ ಆದ ತಕ್ಷಣ ಸಿಸ್ಟರ್ ಫೋನ್ ಮಾಡುತ್ತಿದ್ದರು. ಹೆಚ್ಚಾಗಿ ಬೆಳಗಿನ ಜಾವವೇ. ಆಂಟಿಬಯಾಟಿಕ್ ಬೆರೆಸಿದ ತಣ್ಣನೆಯ ದ್ರಾವಣದಲ್ಲಿ ಬಳ್ಳಿ, ಅದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಡಬ್ಬಿ ಚೀಲದಲ್ಲಿ, ಚೀಲ ಐಸ್ ಬಾಕ್ಸಿನಲ್ಲಿ. ಗಾಡಿಯ ಮುಂದೆ ಇಟ್ಟುಕೊಂಡು ಉಣಕಲ್, ನವನಗರ, ರಾಯಾಪುರ, ನವಲೂರು, ಸತ್ತೂರು ದಾಟಿ ಟೋಲ್ ನಾಕಾ ಬರುವಷ್ಟರಲ್ಲಿ ಚಿಗರಿ ಬಸ್ಸುಗಳು ಓಡಲು ಶುರು ಮಾಡಿರುತ್ತಿದ್ದವು. ಒಂದು ದಿನದೊಳಗೆ ಕೆಲಸ ಮುಗಿಸಬೇಕು. ಬೇಗ ಆದಷ್ಟೂ ಒಳ್ಳೆಯದು.

ಬಳ್ಳಿಯನ್ನು ಹುಡ್‌ನೊಳಗೆ, ಅಂದರೆ ಸೋಂಕು ತಾಗದ ಗಾಳಿಪೆಟ್ಟಿಗೆಯಲ್ಲಿ, ಇಟ್ಟು ತುದಿ ಕತ್ತರಿಸಿದರೆ ಮೂರು ತೂತು ಕಾಣುತ್ತವೆ. ಎರಡು ಚಿಕ್ಕವು, ಗಟ್ಟಿ ಗೋಡೆ, ಬಿಗಿದುಕೊಂಡಿರುತ್ತವೆ. ಅವು ಧಮನಿ. ಮೂರನೆಯದು ಅಗಲ, ಗೋಡೆ ತೆಳು, ಸಡಿಲ. ಅದೇ ನಮಗೆ ಬೇಕಾದ್ದು. ಕ್ಲಾಂಪ್ ಹಾಕಿದ ಗುರುತು ಎಲ್ಲಿದ್ದರೂ ಆ ಭಾಗ ಕತ್ತರಿಸಿ ಬಿಸಾಡಬೇಕು, ಅಲ್ಲಿ ಒಳಪದರ ಜಜ್ಜಿಹೋಗಿರುತ್ತದೆ. ಅಭಿಧಮನಿಗೆ ಮೊಂಡು ಸೂಜಿ ತೂರಿಸಿ ದಾರದಿಂದ ಬಿಗಿದು, ರಕ್ತ ಹೋಗಿ ನೀರು ತಿಳಿ ಬರುವ ತನಕ ತೊಳೆಯುವುದು. ಆಮೇಲೆ ಕೊಲಾಜಿನೇಸ್ ಎಂಬ ಕಿಣ್ವ ತುಂಬಿಸಿ, ಎರಡೂ ಕಡೆ ಮುಚ್ಚಿ, 37 ಡಿಗ್ರಿಯಲ್ಲಿ ಸುಮಾರು 10ರಿಂದ 15 ನಿಮಿಷ. ಜಾಸ್ತಿ ಬಿಟ್ಟರೆ ಕೆಳಗಿನ ಸ್ನಾಯು ಕೋಶಗಳೂ ಕಿತ್ತು ಬರುತ್ತವೆ, ಕಡಿಮೆ ಆದರೆ ಏನೂ ಬರುವುದಿಲ್ಲ. ಬೆರಳಿನಿಂದ ಮೆತ್ತಗೆ ಒತ್ತಿ, ದ್ರಾವಣವನ್ನು ಹೊರತೆಗೆದು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳದಲ್ಲಿ ಒಂದು ಚಿಕ್ಕ ಉಂಡೆ. ಅದನ್ನು ಜೆಲಟಿನ್ ಸವರಿದ ಫ್ಲಾಸ್ಕಿಗೆ ಹಾಕುವುದು.

ಮರುದಿನ ಮೀಡಿಯಂ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ, ಬದಲಿಸಿದಾಗ ಕೆಂಪು ರಕ್ತಕಣಗಳೆಲ್ಲ ತೊಳೆದುಹೋಗುತ್ತವೆ. ಆಗ ಮೊದಲ ಸಲ ಅವು ಕಾಣುತ್ತವೆ. ಅಲ್ಲಲ್ಲಿ ಗುಂಪಾಗಿ, ಚಪ್ಪಟೆಯಾಗಿ, ಒಂದಕ್ಕೊಂದು ಅಂಟಿಕೊಂಡು. ಇವು ನಿಜಕ್ಕೂ ಎಂಡೋಥೀಲಿಯಲ್ ಕೋಶಗಳೇ ಅಂತ ಖಾತ್ರಿ ಮಾಡಿಕೊಳ್ಳಲು ಫಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಪ್ರೋಟೀನಿಗೆ ಬಣ್ಣ ಹಚ್ಚುತ್ತೇವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಈ ಪ್ರೋಟೀನನ್ನು ಇವು ಉದ್ದುದ್ದ ಚೀಲಗಳಲ್ಲಿ ತುಂಬಿಟ್ಟುಕೊಂಡಿರುತ್ತವೆ. ಆ ಚೀಲಗಳನ್ನು ವೈಬೆಲ್ ಮತ್ತು ಪಲಾಡೆ 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು. ಹಸಿರು ಹೊಳಪಿನ ಸಣ್ಣ ಸಣ್ಣ ಕಡ್ಡಿಗಳು ಕಂಡ ದಿನ ನಾನು ಲ್ಯಾಬಿನವರನ್ನೆಲ್ಲ ಕರೆದು ತೋರಿಸಿದೆ.

ಒಂದು ಬಳ್ಳಿ ಅಂದರೆ ಒಬ್ಬ ಮನುಷ್ಯ. ಹಾಗಾಗಿ ಒಂದೇ ಬಳ್ಳಿಯ ಕೋಶಗಳಲ್ಲಿ ಎಷ್ಟು ಸಲ ಮಾಡಿದರೂ ಅದು ಒಬ್ಬರ ಲೆಕ್ಕವೇ. ಬೇರೆ ಬೇರೆ ಬಳ್ಳಿಗಳಲ್ಲಿ ಅದೇ ಉತ್ತರ ಬರಬೇಕು. ಜೊತೆಗೆ ಇವು ಕೆಲವು ಸಲ ಒಡೆದು ಹೆಚ್ಚಾದ ಮೇಲೆ ತಮ್ಮ ಗುಣ ಕಳೆದುಕೊಳ್ಳುತ್ತವೆ. ಅದಕ್ಕೇ ಆಸ್ಪತ್ರೆಗೆ ಹೋಗುವುದು ನಿಲ್ಲಲೇ ಇಲ್ಲ.

ಈಗ ಮುಖ್ಯ ವಿಷಯ. "ಮೊದಲು ಕಣ್ಣಿಲೆ ನೋಡು, ಆಮ್ಯಾಲೆ ಪಿಸಿಆರ್ ಮಾಡು," ಅನ್ನುವುದು ಮೇಡಂ ರೂಢಿ. ಪಿಸಿಆರ್ ಅಂದರೆ ಜೀನಿನ ಕೆಲಸ ಅಳೆಯುವ ಪರೀಕ್ಷೆ. ಹಾಗಾಗಿ ಎಲ್ಲಕ್ಕಿಂತ ಸುಲಭದ್ದರಿಂದ ಶುರು ಮಾಡಿದೆ. ಒಂದು ತಟ್ಟೆಯಲ್ಲಿ ಕೋಶಗಳನ್ನು ವಿರಳವಾಗಿ ಹಾಕಿದೆ, ಇನ್ನೊಂದರಲ್ಲಿ ಒತ್ತೊತ್ತಾಗಿ. ಮೀಡಿಯಂ ಅದೇ, ಬಳ್ಳಿ ಅದೇ, ಇನ್‌ಕ್ಯುಬೇಟರ್ ಅದೇ. ವಿರಳವಾಗಿ ಇದ್ದವು ಜಾಗ ಸಿಕ್ಕಿದ್ದಕ್ಕೆ ಅಗಲವಾಗಿ ಹರಡಿಕೊಂಡವು. ಒತ್ತಾಗಿ ಇದ್ದವು ಚಿಕ್ಕದಾಗಿ, ಹಲವು ಮೂಲೆಗಳ ಆಕಾರದಲ್ಲಿ ಒಂದಕ್ಕೊಂದು ಒತ್ತಿಕೊಂಡು ಕೂತವು.

ಎರಡಕ್ಕೂ ಮೂರು ಬಣ್ಣ ಹಾಕಿದೆ. ಫ್ಯಾಲಾಯ್ಡಿನ್ ಕೆಂಪು, ಇದು ಕೋಶದ ಅಸ್ಥಿಪಂಜರದ ಆಕ್ಟಿನ್ ಎಳೆಗಳಿಗೆ ಅಂಟುತ್ತದೆ. ಡ್ಯಾಪಿ ನೀಲಿ, ಡಿಎನ್‌ಎಗೆ. ಹಸಿರು ಯಾಪ್ ಎಂಬ ಪ್ರೋಟೀನಿಗೆ. ಯಾಪ್ ಕೋಶಕೇಂದ್ರದೊಳಗೆ ಹೋದರೆ ಬೆಳವಣಿಗೆಗೆ ಸಂಬಂಧಪಟ್ಟ ಕೆಲವು ಜೀನುಗಳನ್ನು ಎಬ್ಬಿಸುತ್ತದೆ. ಹೊರಗೆ ಉಳಿದರೆ ಅವು ಮಲಗಿರುತ್ತವೆ. ಇಟಲಿಯ ಪಡುವಾದಲ್ಲಿ ಸ್ಟೆಫಾನೊ ಪಿಕೊಲೊ ಅವರ ತಂಡ 2011ರಲ್ಲಿ, ಜೀವಕೋಶ ಎಷ್ಟು ಹರಡಿಕೊಂಡಿದೆ, ಕೆಳಗಿನ ನೆಲ ಎಷ್ಟು ಗಟ್ಟಿ ಎಂಬುದರ ಮೇಲೆ ಯಾಪ್ ಒಳಗೆ ಹೋಗುವುದು ನಿಂತಿದೆ ಅಂತ ತೋರಿಸಿತ್ತು. ನಾನು ಓದಿದ್ದೆ. ಓದುವುದು ಬೇರೆ, ಕತ್ತಲೆ ಕೋಣೆಯಲ್ಲಿ ಕೂತು ಕಣ್ಣಾರೆ ನೋಡುವುದು ಬೇರೆ.

ಹರಡಿಕೊಂಡ ಕೋಶದಲ್ಲಿ ದಪ್ಪ ದಪ್ಪ ಕೆಂಪು ಎಳೆಗಳು ಈ ತುದಿಯಿಂದ ಆ ತುದಿಗೆ ಬಿಗಿದಿದ್ದವು. ನೀಲಿ ಕೋಶಕೇಂದ್ರ ಅಗಲವಾಗಿ ಚಪ್ಪಟೆಯಾಗಿತ್ತು. ಹಸಿರೆಲ್ಲ ಅದರ ಮೇಲೇ ಬಿದ್ದಿತ್ತು. ಒತ್ತಾಗಿದ್ದ ತಟ್ಟೆಯಲ್ಲಿ ಕೆಂಪು ಅಂಚಿಗೆ ಸರಿದಿತ್ತು, ಕೋಶಕೇಂದ್ರ ಚಿಕ್ಕದಾಗಿ ದುಂಡಗಿತ್ತು, ಹಸಿರು ಅದರ ಸುತ್ತಲೂ ಇತ್ತೇ ಹೊರತು ಒಳಗೆ ಕಮ್ಮಿ. ತುಂಬಿದ ಗುಂಪಿನ ಅಂಚಿನಲ್ಲಿ ಒಂದು ಕೋಶಕ್ಕೆ ಒಂದು ಮಗ್ಗುಲು ಖಾಲಿ ಸಿಕ್ಕಿತ್ತು. ಅದು ಆ ಕಡೆಗೆ ಕಾಲು ಚಾಚಿತ್ತು. ಅದರ ಕೋಶಕೇಂದ್ರ ಹಸಿರು. ಅದಕ್ಕೆ ಅಂಟಿಕೊಂಡೇ ಒಳಗಿದ್ದ ಕೋಶದ್ದು ಕಪ್ಪು. ಡಿಎನ್‌ಎ ಒಂದೇ, ಆಹಾರ ಒಂದೇ, ಸಿಕ್ಕ ಜಾಗ ಮಾತ್ರ ಬೇರೆ. ನಾನು ಆ ಎರಡು ಕೋಶಗಳನ್ನು ಬಹಳ ಹೊತ್ತು ನೋಡುತ್ತ ಕೂತೆ.

ಆದರೆ ಒತ್ತಾದಾಗ ಆಕಾರ ಒಂದೇ ಬದಲಾಗುವುದಿಲ್ಲ, ಪಕ್ಕದ ಕೋಶದ ಸಂಪರ್ಕವೂ ಹೆಚ್ಚುತ್ತದೆ. ಅದಕ್ಕೇ ಮುಂದಿನ ಹೆಜ್ಜೆ: ಹರಡಿಕೊಂಡ ಕೋಶಗಳಲ್ಲೇ ಆಕ್ಟಿನ್ ಎಳೆಗಳನ್ನು ಬಿಡಿಸುವುದು. ಲ್ಯಾಟ್ರಂಕ್ಯುಲಿನ್ ಅಂತ ಒಂದು ವಸ್ತು ಇದೆ, ಸಮುದ್ರದ ಸ್ಪಂಜಿನಿಂದ ಸಿಕ್ಕಿದ್ದು. ಬಿಡಿ ಆಕ್ಟಿನ್ನನ್ನು ಹಿಡಿದಿಟ್ಟುಕೊಂಡು ಎಳೆ ಕಟ್ಟಲು ಬಿಡುವುದಿಲ್ಲ. ಹಾಕಿ ಸ್ವಲ್ಪ ಹೊತ್ತಿಗೇ ಎಳೆಗಳು ಚದುರಿದವು, ಯಾಪ್ ಕೋಶಕೇಂದ್ರದಿಂದ ಹೊರಗೆ ಬಂತು. ಪಕ್ಕದಲ್ಲಿ ಯಾರೂ ಇಲ್ಲದ ಒಂಟಿ ಕೋಶದಲ್ಲೂ ಹಾಗೇ ಆಯಿತು. ಹಾಗಾದರೆ ಎಳೆಗಳ ಬಿಗಿತಕ್ಕೆ ಇದರಲ್ಲಿ ಕೈ ಇದೆ.

ಇಲ್ಲೊಂದು ಚಂದದ ತಿರುವು ಇದೆ, ಹೇಳಲೇಬೇಕು. ಸೈಟೊಕಲಾಸಿನ್ ಡಿ ಎಂಬ ಇನ್ನೊಂದು ವಸ್ತುವೂ ಆಕ್ಟಿನ್ ಎಳೆ ಒಡೆಯುತ್ತದೆ. ಎರಡೂ ಒಂದೇ ಕೆಲಸ ಮಾಡುತ್ತವೆ ಅಂದುಕೊಂಡರೆ ಎಡವುತ್ತೀರಿ. ಎಂಆರ್‌ಟಿಎಫ್ ಅಂತ ಒಂದು ಪ್ರೋಟೀನ್ ಬಿಡಿ ಆಕ್ಟಿನ್ನಿಗೆ ಅಂಟಿಕೊಂಡು ಹೊರಗೇ ಇರುತ್ತದೆ. ಬಿಡಿ ಆಕ್ಟಿನ್ ಎಳೆಯಾಗಿ ಸೇರಿಕೊಂಡಾಗ ಅದಕ್ಕೆ ಬಿಡುಗಡೆ. ಆಗ ಕೋಶಕೇಂದ್ರಕ್ಕೆ ಹೋಗಿ ಎಸ್‌ಆರ್‌ಎಫ್ ಎಂಬ ಪ್ರೋಟೀನಿನ ಜೊತೆಗೂಡಿ ಜೀನುಗಳನ್ನು ಎಬ್ಬಿಸುತ್ತದೆ. ಲ್ಯಾಟ್ರಂಕ್ಯುಲಿನ್ ಹಾಕಿದರೆ ಅದು ಹೊರಗೇ ಉಳಿಯುತ್ತದೆ. ಸೈಟೊಕಲಾಸಿನ್ ಮಾತ್ರ ಬಿಡಿ ಆಕ್ಟಿನ್ನಿನ ಮೇಲೆ ತಾನೇ ಕೂತು ಎಂಆರ್‌ಟಿಎಫ್‌ನ್ನು ಬಿಡಿಸುತ್ತದೆ. ಎಳೆ ಒಡೆದಿದ್ದರೂ ಅದು ಒಳಗೆ ಹೋಗುತ್ತದೆ. ಅಂದರೆ ಜೀವಕೋಶ ತನ್ನ ಒಳಗೆ ಎಷ್ಟು ಆಕ್ಟಿನ್ ಕಟ್ಟಿಕೊಂಡಿದೆ, ಎಷ್ಟು ಬಿಡಿಯಾಗಿದೆ ಅಂತ ಲೆಕ್ಕ ಇಟ್ಟು, ಆ ಲೆಕ್ಕವನ್ನೇ ಜೀನಿಗೆ ಕಳಿಸುತ್ತಿದೆ.

ಇದೇ ಕಾರಣಕ್ಕೆ ಕ್ಯೂಪಿಸಿಆರ್ ಮಾಡುವವರಿಗೆ ಒಂದು ಮಾತು. ಯಾವ ಜೀನ್ ಎಷ್ಟು ಮಾತಾಡುತ್ತಿದೆ, ಅಂದರೆ ಎಷ್ಟು ಆರ್‌ಎನ್‌ಎ ನಕಲು ತೆಗೆಯುತ್ತಿದೆ ಅಂತ ಅಳೆಯಲು, ಬದಲಾಗದ ಒಂದು ಜೀನನ್ನು ಪಕ್ಕದಲ್ಲಿಟ್ಟು ಹೋಲಿಸುತ್ತೇವೆ. ಎಷ್ಟೋ ಲ್ಯಾಬ್‌ಗಳಲ್ಲಿ ಅದಕ್ಕೆ ಬೀಟಾ ಆಕ್ಟಿನ್ ಬಳಸುವುದು ರೂಢಿ. ಈ ಕೆಲಸದಲ್ಲಿ ಅದನ್ನು ಮುಟ್ಟಬಾರದು. ಆಕ್ಟಿನ್ ಜೀನನ್ನು ಎಬ್ಬಿಸುವುದೇ ಎಂಆರ್‌ಟಿಎಫ್, ಎಸ್‌ಆರ್‌ಎಫ್ ಜೋಡಿ. ಅಳತೆಗೋಲೇ ಉದ್ದ ಗಿಡ್ಡ ಆದರೆ ಏನು ಅಳೆದ ಹಾಗಾಯಿತು? ಮೇಡಂ ಮೊದಲೇ ಎಚ್ಚರಿಸಿದ್ದರಿಂದ ನಾವು ಬೇರೆ ಜೀನುಗಳನ್ನು ಪರೀಕ್ಷಿಸಿ ಆರಿಸಿಕೊಂಡೆವು.

ಇಷ್ಟೆಲ್ಲ ಆಗುವಾಗ ನನಗೆ ಜೀವಕೋಶದ ಚಿತ್ರವೇ ಬದಲಾಯಿತು. ಶಾಲೆಯಲ್ಲಿ ಕಲಿತದ್ದು, ಚೀಲದೊಳಗೆ ನೀರು, ನೀರಿನೊಳಗೆ ಕೋಶಕೇಂದ್ರ. ಹಾಗಲ್ಲ ಅದು. ನಮ್ಮ ಕಡೆ ಜಾತ್ರೆಗೆ ನಾಟಕ ಕಂಪನಿಯವರು ಡೇರೆ ಹಾಕುತ್ತಾರಲ್ಲ, ಕಂಬ, ಹಗ್ಗ, ಗೂಟ. ಒಂದು ಗೂಟದ ಹಗ್ಗ ಜಗ್ಗಿದರೆ ನಡುವಿನ ಕಂಬ ಅಲುಗುತ್ತದೆ. ಹಾಗೆ ಎಳೆಗಳ ಮೇಲೆ ನಿಂತಿದೆ ಇದು. 1997ರಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಎಂಡೋಥೀಲಿಯಲ್ ಕೋಶದ ಹೊರಮೈಗೆ ಸಣ್ಣ ಮಣಿ ಅಂಟಿಸಿ ಜಗ್ಗಿ ನೋಡಿದರು. ಒಳಗಿನ ಕೋಶಕೇಂದ್ರ ಆ ಕಡೆ ಜಗ್ಗಿಕೊಂಡು ಬಂತು. ಆ ಕೊಂಡಿಗಳ ಹೆಸರು ಆಮೇಲೆ ಗೊತ್ತಾಯಿತು. ಕೋಶಕೇಂದ್ರದ ಹೊರ ಪೊರೆಯಲ್ಲಿ ನೆಸ್ಪ್ರಿನ್, ಒಳ ಪೊರೆಯಲ್ಲಿ ಸನ್, ಅದರ ಕೆಳಗೆ ಲ್ಯಾಮಿನ್ ಬಲೆ, ಆ ಬಲೆಗೆ ತಾಗಿಕೊಂಡು ಡಿಎನ್‌ಎ. ಅದೇ ವರ್ಷ ಅವರದೇ ಇನ್ನೊಂದು ಕೆಲಸದಲ್ಲಿ, ಚಿಕ್ಕ ಅಂಟು ಚುಕ್ಕೆಯ ಮೇಲೆ ಕುಗ್ಗಿ ಕೂತ ಎಂಡೋಥೀಲಿಯಲ್ ಕೋಶ ಸಾಯುತ್ತದೆ, ದೊಡ್ಡದರ ಮೇಲೆ ಹರಡಿಕೊಂಡದ್ದು ಬದುಕಿ ಒಡೆದು ಹೆಚ್ಚುತ್ತದೆ ಅಂತ ಕಂಡಿತು. ಒಟ್ಟು ಅಂಟಿನ ಪ್ರಮಾಣವನ್ನು ಸಮ ಇಟ್ಟರೂ ಹಾಗೇ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಕೆಲಸ ಮಾಡಿ ಆಮೇಲೆ ಸಿಂಗಾಪುರಕ್ಕೆ ಹೋದ ಜಿ. ವಿ. ಶಿವಶಂಕರ್ ಅವರ ತಂಡವೂ 2013ರಲ್ಲಿ, ಜೀವಕೋಶಕ್ಕೆ ಕೊಡುವ ಜಾಗದ ಆಕಾರ ಬದಲಿಸಿದರೆ ಗುಂಪು ಗುಂಪು ಜೀನುಗಳ ಮಾತು ಬದಲಾಗುತ್ತದೆ ಅಂತ ತೋರಿಸಿದೆ. ಅದು ಬೇರೆ ಜಾತಿಯ ಕೋಶದಲ್ಲಿ. ಆದರೂ ಈ ದಾರಿಯಲ್ಲಿ ನಮ್ಮ ನೆಲದವರ ಹೆಜ್ಜೆಯೂ ಇದೆ ಅನ್ನುವುದು ನನಗೆ ಖುಷಿ.

ಮತ್ತೆ ಕೆರೊಟಿಡ್‌ಗೆ ಬರುತ್ತೇನೆ. ತಟ್ಟೆಯಲ್ಲಿ ಸುಮ್ಮನೆ ಕೂತ ಕೋಶಕ್ಕೆ ಹರಿವು ಗೊತ್ತಿಲ್ಲ. ಹರಿವು ಕೊಡುವ ಒಳ್ಳೆಯ ಪಂಪ್ ಬಹಳ ದುಬಾರಿ. ನಾವು ಆರು ಗುಂಡಿಯ ತಟ್ಟೆಯನ್ನು ದುಂಡಗೆ ತಿರುಗುವ ಶೇಕರ್ ಮೇಲೆ ಇಟ್ಟು, ಶೇಕರನ್ನೇ ಇನ್‌ಕ್ಯುಬೇಟರ್ ಒಳಗೆ ಇಟ್ಟೆವು. ಮೀಡಿಯಂ ಗುಂಡಿಯಲ್ಲಿ ಸುತ್ತು ಹೊಡೆಯುತ್ತದೆ. ಅಂಚಿನಲ್ಲಿ ಅದು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ, ಜೋರಾಗಿ ಉಜ್ಜಿಕೊಂಡು ಹೋಗುತ್ತದೆ. ನಡುವೆ ಉಜ್ಜುವಿಕೆ ಕಡಿಮೆ, ದಿಕ್ಕು ಬದಲಾಗುತ್ತಲೇ ಇರುತ್ತದೆ. ಒಂದೇ ಗುಂಡಿಯಲ್ಲಿ ನೇರ ನಾಳವೂ ಸಿಕ್ಕಿತು, ಕವಲೂ ಸಿಕ್ಕಿತು. ಈ ವಿಧಾನದ ಕೊರತೆ ಏನೆಂದರೆ ಮೀಡಿಯಂ ಒಂದೇ, ನಡುವಿನವು ಬಿಟ್ಟ ವಸ್ತು ಅಂಚಿನವಕ್ಕೂ ತಾಗುತ್ತದೆ. ಅದಕ್ಕೆ ಕೆಲವು ತಟ್ಟೆಗಳಲ್ಲಿ ಬರೀ ಅಂಚಿಗೆ, ಕೆಲವದರಲ್ಲಿ ಬರೀ ನಡುವೆ ಕೋಶ ಹಿಡಿಯುವಂತೆ ಮಾಡಿ ಅದನ್ನೂ ಪರೀಕ್ಷಿಸಿದೆವು. ಶೇಕರಿನ ಮೋಟಾರು ಬಿಸಿಯಾಗಿ ಇನ್‌ಕ್ಯುಬೇಟರಿನ ಉಷ್ಣಾಂಶ ಏರುತ್ತದೆ, ಅದಕ್ಕೂ ಕಣ್ಣಿಡಬೇಕು.

ಧಾರವಾಡದ ಮಳೆಗಾಲದಲ್ಲಿ ಇನ್ನೊಂದು ಕಷ್ಟ, ಕರೆಂಟ್. ಕೆಎಲ್‌ಎಫ್2 ಎಂಬ ಜೀನ್ ನಮ್ಮ ಕೆಲಸದ ಕೇಂದ್ರ. ಹರಿವು ಒಂದೇ ಸಮನೆ ಇದ್ದಾಗ ಎದ್ದು ನಿಲ್ಲುತ್ತದೆ. ನೈಟ್ರಿಕ್ ಆಕ್ಸೈಡ್ ತಯಾರಿಸುವ ಇ-ನಾಸ್ ಜೀನನ್ನು ಹೆಚ್ಚಿಸುತ್ತದೆ. ಅದರಿಂದ ನಾಳ ಸಡಿಲವಾಗುತ್ತದೆ. ಬಿಳಿ ರಕ್ತಕಣಗಳನ್ನು ಅಂಟಿಸಿಕೊಳ್ಳುವ ವಿಕ್ಯಾಮ್-1ರಂಥವನ್ನು ತಗ್ಗಿಸುತ್ತದೆ. ಒಟ್ಟಿನಲ್ಲಿ ನಾಳ ಕಾಯುವ ಜೀನ್. ಆದರೆ ಅದರ ಆರ್‌ಎನ್‌ಎ ಬೇಗ ಕರಗಿಹೋಗುತ್ತದೆ. ಕರೆಂಟ್ ಹೋಗಿ ಹರಿವು ನಿಂತರೆ ಅದೂ ಇಳಿಯುತ್ತದೆ. ಹಾಗಾಗಿ ಶೇಕರಿಗೆ ಬೇರೆ ಯುಪಿಎಸ್ ಹಾಕಿಸಿದೆವು. ತಟ್ಟೆ ಇಳಿಸಿದ ಮೇಲೆ ಮಾತುಕತೆ ಬಂದ್. ಒಬ್ಬರು ತೊಳೆಯುವುದು, ಒಬ್ಬರು ಅಂಚು ನಡು ಬೇರೆ ಮಾಡಿ ಕೆರೆದು ತೆಗೆಯುವುದು, ಒಬ್ಬರು ಕೋಶ ಒಡೆಯುವ ದ್ರಾವಣ ಹಾಕುವುದು.

ಕಣ್ಣಿಗೆ ಕಂಡದ್ದು ಸ್ಪಷ್ಟ. ಅಂಚಿನ ಕೋಶಗಳು ಉದ್ದವಾಗಿ, ಗುಂಡಿಯ ಸುತ್ತ ಒಂದೇ ದಿಕ್ಕಿಗೆ ಮಲಗಿದ್ದವು. ಆಕ್ಟಿನ್ ಎಳೆಗಳೂ ಅದೇ ದಿಕ್ಕಿಗೆ. ನಡುವಿನವು ದಿಕ್ಕಿಲ್ಲದೆ, ಮೂಲೆ ಮೂಲೆಯಾಗಿ. ಕ್ಯೂಪಿಸಿಆರ್‌ನಲ್ಲಿ ಒಂದು ಸುತ್ತು ಮೊದಲೇ ಗೆರೆ ಎದ್ದರೆ ಆರ್‌ಎನ್‌ಎ ಸುಮಾರು ಎರಡರಷ್ಟಿತ್ತು ಅಂತ ಅರ್ಥ. ಕೆಎಲ್‌ಎಫ್2 ಗೆರೆ ಅಂಚಿನ ಕೋಶಗಳಲ್ಲಿ ಮೊದಲು ಎದ್ದಿತು, ಬೇರೆ ಬೇರೆ ಬಳ್ಳಿಗಳಲ್ಲೂ ಹಾಗೇ. ಉರಿಯೂತ ಹುಟ್ಟಿಸುವ ಟಿಎನ್‌ಎಫ್ ಹಾಕಿ ನೋಡಿದಾಗ ವಿಕ್ಯಾಮ್-1 ನಡುವೆ ಜಾಸ್ತಿ. ಕೆರೊಟಿಡ್ ಕವಲಿನಲ್ಲಿ ಆಗುವುದರ ಒಂದು ತುಣುಕು ಪ್ಲಾಸ್ಟಿಕ್ ತಟ್ಟೆಯಲ್ಲಿ ಕಂಡ ಹಾಗಾಯಿತು.

ಇನ್ನೊಂದು ಮಾತು. ಕೊಲೆಸ್ಟರಾಲ್‌ಗೆ ನಮ್ಮ ಮನೆಗಳಲ್ಲಿ ಹಿರಿಯರು ನುಂಗುವ ಸ್ಟಾಟಿನ್ ಮಾತ್ರೆಗಳಿವೆಯಲ್ಲ, ಅವೂ ತಟ್ಟೆಯ ಎಂಡೋಥೀಲಿಯಲ್ ಕೋಶಗಳಲ್ಲಿ ಕೆಎಲ್‌ಎಫ್2 ಹೆಚ್ಚಿಸುತ್ತವೆ ಅಂತ 2005ರಲ್ಲೇ ಗೊತ್ತಾಗಿದೆ. ರೋ ಎಂಬ ಪ್ರೋಟೀನ್ ಕೆಲಸ ಮಾಡಬೇಕಾದರೆ ಅದಕ್ಕೊಂದು ಕೊಬ್ಬಿನ ಬಾಲ ಬೇಕು, ಸ್ಟಾಟಿನ್ ಆ ಬಾಲ ತಯಾರಾಗದಂತೆ ತಡೆಯುತ್ತದೆ. ರೋ ಯಾರು? ಆಕ್ಟಿನ್ ಎಳೆಗಳನ್ನು ಬಿಗಿ ಮಾಡುವವನು. ಸುತ್ತಿ ಬಳಸಿ ಮತ್ತೆ ಅದೇ ಅಸ್ಥಿಪಂಜರದ ಹತ್ತಿರ ಬಂದೆವು, ಅಲ್ವಾ.

ಹರಿವು ಜೀವಕೋಶಕ್ಕೆ ತಾಗುವುದು ಹಲವು ಬಾಗಿಲುಗಳಿಂದ. ಪೊರೆಯಲ್ಲಿರುವ ಪೀಜೊ1 ಎಂಬ ಬಾಗಿಲು ಒಂದು. ಅದನ್ನು 2010ರಲ್ಲಿ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಪಕ್ಕದ ಕೋಶಕ್ಕೆ ಅಂಟಿಕೊಂಡ ಜಾಗದಲ್ಲಿ ಪೀಕ್ಯಾಮ್-1, ವಿಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನುಗಳಿವೆ. ಹಾಗಾಗಿ ಶೇಕರ್ ಪ್ರಯೋಗದಿಂದ ಒಂದು ಪ್ರಶ್ನೆ ಉಳಿದೇ ಉಳಿಯಿತು. ಕೆಎಲ್‌ಎಫ್2 ಎದ್ದದ್ದು ಹರಿವಿನಿಂದಲೋ, ಕೋಶ ಉದ್ದವಾದದ್ದರಿಂದಲೋ? ಹರಿವೇ ಇಲ್ಲದೆ ಕೋಶವನ್ನು ಉದ್ದ ಮಾಡಿ ನೋಡಬೇಕು.

ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಅಚ್ಚು ಮಾಡಿಸಿಕೊಂಡು ಬಂದು, ಸಿಲಿಕೋನ್ ಮುದ್ರೆಯಿಂದ ಗಾಜಿನ ಮೇಲೆ ಕೋಶ ಅಂಟಿಕೊಳ್ಳುವ ಪ್ರೋಟೀನ್ ಫೈಬ್ರೊನೆಕ್ಟಿನ್‌ನ ಪಟ್ಟೆಗಳನ್ನು ಒತ್ತಿದೆ. ಕಿರಿದಾದ ಪಟ್ಟೆಗಳು, ನಡುವೆ ಕೋಶ ಅಂಟದ ಜಾಗ. ಕೋಶಗಳು ಪಟ್ಟೆಯ ಉದ್ದಕ್ಕೆ ಮೈ ಚಾಚಿದವು, ಆಕ್ಟಿನ್ನೂ ಸಾಲಾಗಿ ನಿಂತಿತು, ಕೋಶಕೇಂದ್ರವೂ ಉದ್ದವಾಯಿತು. ನೋಡಲು ಶೇಕರಿನ ಅಂಚಿನವೇ. ಇಲ್ಲಿ ತನಕ ಬಂದ ಫಲಿತಾಂಶದಲ್ಲಿ ವಿಕ್ಯಾಮ್-1 ಇಳಿದಿದೆ. ಕೆಎಲ್‌ಎಫ್2 ಮಾತ್ರ ಶೇಕರಿನಲ್ಲಿ ಎದ್ದಷ್ಟು ಎದ್ದಿಲ್ಲ. ಆಕಾರ ತನ್ನ ಪಾಲಿನ ಮಾತು ಹೇಳುತ್ತದೆ, ಹರಿವು ಅದಕ್ಕೆ ಇನ್ನಷ್ಟು ಸೇರಿಸುತ್ತದೆ ಅಂತ ಸದ್ಯಕ್ಕೆ ನಾನು ಓದಿಕೊಂಡಿದ್ದೇನೆ. ಇನ್ನೂ ಕೆಲವು ಬಳ್ಳಿಗಳಲ್ಲಿ ಇದು ನಿಲ್ಲಬೇಕು.

ಮುಂದಿನದು ಲ್ಯಾಮಿನ್. ಲ್ಯಾಮಿನ್ ಎ ಜೀನಿನಲ್ಲಿ ದೋಷ ಇರುವ ಪ್ರೊಜೀರಿಯಾ (ಬೇಗ ಮುಪ್ಪು ಬರುವ ಕಾಯಿಲೆ) ಮಕ್ಕಳಿಗೆ ಹರೆಯಕ್ಕೆ ಬರುವಷ್ಟರಲ್ಲೇ ಮುದುಕರ ರಕ್ತನಾಳ ಬರುತ್ತದೆ. ಹೃದಯದ ಬೇನೆಯೇ ಹೆಚ್ಚಿನವರ ಜೀವ ತೆಗೆಯುತ್ತದೆ. ಕೋಶಕೇಂದ್ರದ ಒಳಬಲೆಗೂ ನಾಳಕ್ಕೂ ಎಷ್ಟು ಹತ್ತಿರದ ನಂಟು ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾವ ತಟ್ಟೆಯೂ ಹೇಳಲಾರದು. ಲ್ಯಾಮಿನ್ ತಗ್ಗಿಸಿದ ಕೋಶಗಳನ್ನು ಅದೇ ಪಟ್ಟೆಗಳ ಮೇಲೆ ಬಿಟ್ಟು ನೋಡಬೇಕಿದೆ. ಮೈ ಉದ್ದವಾದರೂ ಒಳಗಿನ ಕೊಂಡಿ ಸಡಿಲವಾದಾಗ ವಿಕ್ಯಾಮ್-1 ಇಳಿಯುತ್ತದೋ ಇಲ್ಲವೋ ಅಂತ. ಅದಕ್ಕೆ ಬೇಕಾದ, ಜೀನಿನ ಮಾತು ತಗ್ಗಿಸುವ ಚಿಕ್ಕ ಆರ್‌ಎನ್‌ಎ ತುಣುಕು (ಎಸ್‌ಐಆರ್‌ಎನ್‌ಎ) ಆರ್ಡರ್ ಹಾಕಿದ್ದೇವೆ. ಬಳ್ಳಿಗಾಗಿ ಈ ವಾರ ಮತ್ತೆ ಹುಬ್ಬಳ್ಳಿಗೆ ಹೋಗಬೇಕು.